ಅರ್ಧ ಹೊಟ್ಟೆ

ಎಡಗೈ ಮೊಣಕೈ ದಾಟಿ ಕಡಸಿನ ಒಳಗಿತ್ತು. ಮಿಕ್ಕ ತೇಜಸ್ವಿನಿ ಕೊಟ್ಟಿಗೆಯ ಗೋಡೆಯ ಮೇಲಿದ್ದ ಹಲ್ಲಿಯನ್ನು ನೋಡುತ್ತ ನಿಂತಿದ್ದಳು. ಈ ಕೆಲಸಕ್ಕೆ ಕಣ್ಣು ಬೇಕಿಲ್ಲ, ಬೆರಳ ತುದಿ ಸಾಕು. ಭುಜದವರೆಗೆ ಏರಿಸಿದ ಪ್ಲಾಸ್ಟಿಕ್ ಗ್ಲೌಸಿನೊಳಗಿಂದ ಬೆರಳುಗಳು ಚುಕ್ಕಿಯ ಬಲಗಡೆಯ ಅಂಡಾಶಯವನ್ನು ಹುಡುಕಿ ಹಿಡಿದವು. ಅವರೆಕಾಳಿನಷ್ಟಿತ್ತು. ಎಡಗಡೆಯದೂ ಅಷ್ಟೇ. ಕಳೆದ ತಿಂಗಳೂ ಅಷ್ಟೇ ಇತ್ತು, ಅದರ ಹಿಂದಿನ ತಿಂಗಳೂ ಅಷ್ಟೇ. ಸ್ಕ್ಯಾನಿಂಗ್ ಮಷೀನು ತಂದು ನೋಡಿದಾಗಲೂ ಪರದೆಯ ಮೇಲೆ ಮೊಟ್ಟೆಯ ಗುಳ್ಳೆಗಳು ಕಾಣಬೇಕಾದ ಕಡೆ ಬರೀ ಬೂದು ಬಣ್ಣ ಕಂಡಿತ್ತು. ಇಷ್ಟು ಗೊತ್ತಿದ್ದೂ ಅವಳು ಪ್ರತಿ ಸಲ ಚಿಕ್ಕಪ್ಪನಿಗೆ ‘ಇನ್ನೊಂದು ಸಲ ನೋಡೋಣ’ ಎಂದು ಹೇಳಿ, ಸೂಜಿ ಚುಚ್ಚಿ, ಕೈ ತೊಳೆದುಕೊಂಡು ಹೋಗುತ್ತಿದ್ದಳು. ಪಶುವೈದ್ಯ ಕಾಲೇಜಿನಲ್ಲಿ ಪಾಠ ಹೇಳುವವಳು ಇಂಥ ಹಸಿ ಸುಳ್ಳನ್ನು ಒಂದು ಕಡಸಿನ ವಿಷಯಕ್ಕೆ ಯಾಕೆ ಹೇಳುತ್ತಿದ್ದಾಳೆಂದು ಯಾರೂ ಕೇಳಿರಲಿಲ್ಲ. ಕೇಳುವಷ್ಟು ಬುದ್ಧಿ ಈ ಮನೆಯಲ್ಲಿ ಯಾರಿಗಿತ್ತು!

ಒಳಗೆ ನಡುಮನೆಯಲ್ಲಿ ಸ್ಪೀಕರಿನಿಂದ ಸೋಬಾನೆ ಹಾಡು ಬರುತ್ತಿತ್ತು. ಹಾಡಲು ಬಾಯಿ ಇರುವ ಹೆಂಗಸರು ಇಪ್ಪತ್ತು ಜನ ಕೂತಿದ್ದರೂ ಹಾಡುವುದಕ್ಕೆ ಮೊಬೈಲು. ತಮ್ಮ ಸುರೇಶನ ಹೆಂಡತಿ ರಾಣಿಗೆ ಸೀಮಂತ. ಐದು ಜನ ಮುತ್ತೈದೆಯರು ಮಡಿಲು ತುಂಬಬೇಕು. ಮುತ್ತೈದೆ ಎಂದರೆ ಬರೀ ಗಂಡ ಇದ್ದರೆ ಸಾಲದು, ಮಕ್ಕಳ ಫಲವೂ ಇರಬೇಕು. ಹೆಸರು ಹಿಡಿದು ಕರೆಯುವ ಹೊತ್ತು ಹತ್ತಿರ ಬಂದಾಗ ಅಮ್ಮ ಪಿಳ್ಳಮ್ಮ ಮಗಳ ಪಕ್ಕಕ್ಕೆ ಬಂದು, ಸೆರಗಿನ ತುದಿ ತಿರುಚುತ್ತ, ‘ತೇಜು, ಚುಕ್ಕೀನ ಒಂದ್ಸಲ ನೋಡ್ಬಿಡ್ತೀಯಾ, ನಿಮ್ ಚಿಕ್ಕಪ್ಪ ಕೇಳ್ತಿದ್ರು’ ಎಂದಿದ್ದಳು. ಮೈಸೂರು ರೇಷ್ಮೆ ಸೀರೆ ಉಟ್ಟು ಬಂದಿದ್ದ ಮಗಳು ಆ ಸೀರೆಯ ಮೇಲೆ ಅಮ್ಮನದೇ ಹಳೇ ನೈಟಿ ಹಾಕಿಕೊಂಡು ಕೊಟ್ಟಿಗೆಗೆ ಬಂದಳು. ಅವಮಾನವನ್ನೂ ಹೀಗೆ ಮೆತ್ತಗೆ, ಕೆಲಸದ ಹೆಸರಿನಲ್ಲಿ ಮಾಡುವುದು ಅಮ್ಮನಿಗೆ ಮಾತ್ರ ಗೊತ್ತು. ಗಂಡ ಸತ್ತ ಅಮ್ಮನೂ ಆ ಐವರಲ್ಲಿ ಇರುವ ಹಾಗಿರಲಿಲ್ಲ. ಅವಳು ಸಾರಿನ ಬಕೆಟ್ ಹಿಡಿದುಕೊಂಡು ಅಡುಗೆಮನೆಗೂ ಹಿತ್ತಿಲಿಗೂ ಓಡಾಡುತ್ತ, ಎಲ್ಲರಿಗಿಂತ ಖುಷಿಯಾಗಿರುವವಳ ಹಾಗೆ ಮುಖ ಮಾಡಿಕೊಂಡಿದ್ದಳು. ತೇಜಸ್ವಿನಿಗೆ ಆ ಮುಖ ಕಂಡರೆ ಚಿಕ್ಕಂದಿನಿಂದಲೂ ಮೈ ಉರಿಯುತ್ತದೆ. ಒದ್ದರೂ ಕಾಲು ನೋಯಿತೇನೋ ಎಂದು ಕೇಳುವ ಜಾತಿ.

ಮತ್ತೆ ಒಳಗಿನ ಸಂಭ್ರಮವೋ! ಚಿತ್ರಾನ್ನ, ಪುಳಿಯೋಗರೆ, ಮೊಸರನ್ನ, ಹೋಳಿಗೆ, ಚಿರೋಟಿ. ರಾಣಿಯ ಮುಂದೆ ತಟ್ಟೆಗಳ ಸಾಲು, ಅದನ್ನು ಫೋನಿನಲ್ಲಿ ಹಿಡಿಯುವವರ ಸಾಲು. ನಾಳೆಯಿಂದ ಅದೇ ರಾಣಿಗೆ ಮತ್ತೆ ಅರ್ಧ ಮುದ್ದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಗಾದೆ ಈ ಮನೆಗೇ ಹುಟ್ಟಿದ್ದಿರಬೇಕು. ಅಜ್ಜಿ ಮುನಿಕೆಂಪಮ್ಮನ ಕಾನೂನು ಅದು. ತಿಂಗಳು ನಿಂತಿದ್ದು ಖಾತ್ರಿಯಾದ ದಿನದಿಂದ ಅರ್ಧ ಹೊಟ್ಟೆ. ತಾಯಿ ತಿಂದಿದ್ದನ್ನೆಲ್ಲ ಕೂಸು ಎಳೆದುಕೊಂಡು ದಪ್ಪ ಆಗುತ್ತದೆ, ದಪ್ಪ ಆದರೆ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹೆಂಗಸಿಗೂ ಅದೇ ಕಾನೂನು, ಹಸುವಿಗೂ ಅದೇ. ಎಷ್ಟೋ ಕಾಲದ ಹಿಂದೆ ಅಜ್ಜಿಯ ಅಕ್ಕ ಇದೇ ಜಕ್ಕೂರಿನ ಇನ್ನೊಂದು ಮನೆಯಲ್ಲಿ, ಅರ್ಧ ಹೊರಗೆ ಬಂದ ಮಗುವಿನ ಜೊತೆ ಸತ್ತಳಂತೆ. ಅಜ್ಜಿ ಆಗ ಹುಡುಗಿ, ಬಾಗಿಲ ಸಂದಿಯಿಂದ ನೋಡಿದಳಂತೆ. ಅದನ್ನು ಕೇಳಿ ತೇಜಸ್ವಿನಿಗೆ ಒಂದು ಗಳಿಗೆ ಕರುಳು ಚುರಕ್ಕೆಂದದ್ದು ನಿಜ. ಹಾಗಂತ ಒಬ್ಬಳ ಭಯಕ್ಕೆ ಮೂರು ತಲೆಮಾರಿನ ಹೆಂಗಸರೂ ದನಗಳೂ ಯಾಕೆ ಹಸಿದುಕೊಂಡು ಇರಬೇಕು? ಈಗ ಎದುರಿಗಿರುವ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಮಗು ತೆಗೆದು, ಮೂರನೇ ದಿನಕ್ಕೆ ಬಲೂನು ಕಟ್ಟಿ ಮನೆಗೆ ಕಳಿಸುತ್ತಾರೆ. ಕಾನೂನು ಮಾತ್ರ ಹಾಗೇ ಇದೆ.

ಅವಳು ಕೈ ಹೊರಗೆಳೆದು ಗ್ಲೌಸು ಬಿಚ್ಚಿ ಮಗುಚಿದಳು. ಚುಕ್ಕಿ ತಿರುಗಿ ನೋಡಿ, ಇಷ್ಟೇನಾ ಅನ್ನುವ ಹಾಗೆ ಮತ್ತೆ ಒಣ ಜೋಳದ ಕಡ್ಡಿಗೆ ಬಾಯಿ ಹಾಕಿತು. ಪಕ್ಕದಲ್ಲಿ ಅದರ ತಾಯಿ ಕೆಂದಿ ಮತ್ತೆ ಗಬ್ಬವಾಗಿ ನಿಂತಿತ್ತು, ಪಕ್ಕೆಲುಬು ಲೆಕ್ಕ ಹಾಕುವ ಹಾಗೆ. ಮೂಲೆಯಲ್ಲಿ ತೇಜಸ್ವಿನಿಯೇ ತಂದು ಇಳಿಸಿದ್ದ ಕಡ್ಲೆಕಾಯಿ ಹಿಂಡಿಯ ಮೂಟೆ, ಬಾಯಿ ಬಿಗಿದ ಹಾಗೇ, ಮುಕ್ಕಾಲುಪಾಲು ಉಳಿದುಕೊಂಡಿತ್ತು. ಕೆಂದಿಗೆ ಎರಡು ಹೊತ್ತೂ ಹಾಕಿ ಎಂದು ಹೇಳಿ ಹೋಗಿದ್ದಳು. ಹೂಂ ಎಂದಿದ್ದರು. ಹೂಂ ಅನ್ನುವುದು ಈ ಮನೆಯಲ್ಲಿ ಸುಮ್ಮನಿರು ಅನ್ನುವುದಕ್ಕೆ ಇನ್ನೊಂದು ಮಾತು. ಮೇಲೆ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನವೊಂದು ಗೊರಗುಟ್ಟುತ್ತ ಕೆರೆಯ ಕಡೆ ಹೊರಳಿತು. ಕೊಟ್ಟಿಗೆಯ ಕಾಂಪೌಂಡಿಗೆ ಅಂಟಿಕೊಂಡು ಎದ್ದಿರುವ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಒಬ್ಬ ಗಂಡಸು ಮೂಗಿಗೆ ಕೈ ಅಡ್ಡ ಹಿಡಿದು ಬಟ್ಟೆ ಎತ್ತಿಕೊಳ್ಳುತ್ತಿದ್ದ. ಇವನ ಮನೆಯವರೇ ಬೆಳಗಾದರೆ ಚಿಕ್ಕಪ್ಪನ ಹತ್ತಿರ ಶುದ್ಧ ನಾಟಿ ಹಸುವಿನ ಹಾಲೆಂದು ಸೀಮೆ ಹಸುವಿನ ಹಾಲನ್ನು ಕಣ್ಣಿಗೊತ್ತಿಕೊಂಡು ಕೊಳ್ಳುವುದು. ಹಾಲು ಬೇಕು, ಸಗಣಿ ಬೇಡ. ಎಲ್ಲರಿಗೂ ಎಲ್ಲದರ ಅರ್ಧವೇ ಬೇಕು.

ಅವಳ ಸಂಶೋಧನೆಯ ವಿಷಯವೇ ಇದು. ಗಬ್ಬದ ಮೊದಲ ತಿಂಗಳುಗಳಲ್ಲಿ ಹಸುವಿಗೆ ಹೊಟ್ಟೆ ತುಂಬ ಹಾಕದಿದ್ದರೆ ಒಳಗಿರುವ ಹೆಣ್ಣುಗರುವಿನ ಅಂಡಾಶಯ ಹೇಗೆ ಬೆಳೆಯುತ್ತದೆ ಅನ್ನುವುದು. ಕರು ನೋಡುವುದಕ್ಕೆ ಚೆನ್ನಾಗಿಯೇ ಹುಟ್ಟುತ್ತದೆ, ಕುಣಿಯುತ್ತದೆ, ಬಾಲ ಎತ್ತಿಕೊಂಡು ಓಡುತ್ತದೆ, ತೂಕದಲ್ಲೂ ಅಂಥ ವ್ಯತ್ಯಾಸವಿಲ್ಲ. ಕೊರತೆ ಒಳಗಿರುತ್ತದೆ, ಅದು ಗೊತ್ತಾಗುವುದು ಕಡಸು ಬೆದೆಗೆ ಬಂದು, ಒಂದಾದ ಮೇಲೊಂದು ಸಲ ಗಬ್ಬ ನಿಲ್ಲದೇ ಹೋದಾಗ. ಒಂದು ಸಮ್ಮೇಳನದಲ್ಲಿ ಇದನ್ನು ಹೇಳಿದಾಗ, ಮುಂದಿನ ಸಾಲಿನಲ್ಲಿ ಗೋಡಂಬಿ ತಿನ್ನುತ್ತಿದ್ದ ಹಿರಿಯರೊಬ್ಬರು ‘ಇದರಿಂದ ರೈತನಿಗೆ ಏನಮ್ಮಾ ಉಪಯೋಗ’ ಎಂದು ಕೇಳಿ, ಉತ್ತರ ಬರುವ ಮೊದಲೇ ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ನಕ್ಕಿದ್ದರು. ಆ ಗೋಡಂಬಿ ಮುಖ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಆ ಸಮ್ಮೇಳನ ಮುಗಿದ ವಾರವೇ ಅಲ್ಲವೇ ಅವಳೂ ಗಂಡ ಶಿವರಾಮನೂ ಸಹಕಾರನಗರದ ಆ ತಣ್ಣನೆಯ ಕ್ಲಿನಿಕ್ಕಿನಲ್ಲಿ ಕೂತಿದ್ದು. ಅವಳಿಗಿಂತ ಚಿಕ್ಕ ವಯಸ್ಸಿನ ಡಾಕ್ಟರು ಸ್ಕ್ಯಾನಿನ ಚಿತ್ರವನ್ನು ಅವಳ ಕಡೆ ತಿರುಗಿಸಿ, ‘ಎಗ್ಸ್ ರಿಸರ್ವ್ ತುಂಬಾ ಕಡಿಮೆ ಇದೆ ಮೇಡಂ’ ಎಂದಳು, ಸ್ಕೂಟರಿನ ಪೆಟ್ರೋಲಿನ ವಿಷಯ ಹೇಳುವ ಹಾಗೆ. ತೇಜಸ್ವಿನಿಗೆ ಆ ಬೂದು ಬಣ್ಣದ ಗುರುತು ಯಾರೂ ಹೇಳಿಕೊಡಬೇಕಿರಲಿಲ್ಲ. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಆ ಡಾಕ್ಟರು, ಕಾರಣ ನೂರಿರಬಹುದು, ಹುಟ್ಟಿನಿಂದಲೂ ಇರಬಹುದು, ಹೇಳಲಾಗದು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಳು. ಹುಟ್ಟಿನಿಂದಲೂ ಅನ್ನುವ ಆ ಒಂದು ಮಾತು ಸಾಕಾಯಿತು. ಶಿವರಾಮ ಪಕ್ಕದಲ್ಲಿ ಫೋನಿನಲ್ಲಿ ಸ್ಕೋರು ನೋಡುತ್ತಿದ್ದ. ಮನೆಯಲ್ಲಿ ಯಾರಿಗೂ ಹೇಳುವುದು ಬೇಡ ಎಂದದ್ದು ಮಾತ್ರ ಅವನೇ, ದೊಡ್ಡ ಉಪಕಾರ ಮಾಡುವವನ ಹಾಗೆ.

ಒಂದು ಪ್ರಾಣಿಯನ್ನು ನೋಡಿ ತೀರ್ಮಾನಕ್ಕೆ ಬರಬಾರದೆಂದು ವಿದ್ಯಾರ್ಥಿಗಳಿಗೆ ಬೈಯುವವಳು ಅವಳೇ. ಹಸುವಿಗೆ ನಿಜವಾದದ್ದು ಹೆಂಗಸಿಗೂ ನಿಜವೆಂದು ಹೇಳಲು ಅವಳ ಹತ್ತಿರ ಏನು ಆಧಾರವಿತ್ತು? ಏನೂ ಇಲ್ಲ. ಇದ್ದದ್ದು ಒಂದು ಹಳೇ ಫೋಟೋ: ಬಸುರಿ ಅಮ್ಮ, ಕೊರಳೆಲುಬು ಎದ್ದ ಹುಡುಗಿ, ಹೊಟ್ಟೆ ಮಾತ್ರ ಯಾರದೋ ತಂದು ಕಟ್ಟಿದ ಹಾಗೆ. ಅರ್ಧ ಮುದ್ದೆ ತಿಂದು ಎದ್ದು ಹೋದವಳು. ಇನ್ನೊಂದು ತುತ್ತು ಹಾಕಿ ಅತ್ತೆ ಎಂದು ಕೇಳಲು ಬಾಯಿ ಬರದವಳು. ಅಜ್ಜಿಯ ಮೇಲೆ ತೇಜಸ್ವಿನಿಗೆ ಸಿಟ್ಟಿತ್ತು, ಅಮ್ಮನ ಮೇಲೆ ಇದ್ದದ್ದು ತಾತ್ಸಾರ. ಸಿಟ್ಟಿಗಾದರೂ ಒಂದು ಮರ್ಯಾದೆ ಇದೆ.

‘ಅಕ್ಕಾ, ಇಲ್ಲಿದ್ದೀರಾ,’ ಎಂದು ರಾಣಿ ಹಿತ್ತಿಲ ಬಾಗಿಲಿಂದ ಇಣುಕಿದಳು. ಮೊಗ್ಗಿನ ಜಡೆ, ಎರಡು ಕೈ ತುಂಬ ಹಸಿರು ಬಳೆ, ಬೆವರು. ಒಳಗೆ ಸೆಖೆ ಎಂದು ಐದು ನಿಮಿಷ ತಪ್ಪಿಸಿಕೊಂಡು ಬಂದಿದ್ದಳು. ತೇಜಸ್ವಿನಿಗೆ ಅವಳ ಮೇಲೆ ಕನಿಕರ ಉಕ್ಕಿತು. ಎಷ್ಟೋ ದಿನದಿಂದ ಹೇಳಬೇಕೆಂದಿದ್ದ ಮಾತನ್ನು ಹೇಳಿಯೇಬಿಟ್ಟಳು: ಅಜ್ಜಿ ಹಾಕಿದಷ್ಟೇ ತಿನ್ನಬೇಡ, ಕೇಳಿ ಹಾಕಿಸಿಕೋ, ಇಲ್ಲದಿದ್ದರೆ ನಾನು ಬಂದು ಜಗಳ ಆಡುತ್ತೇನೆ. ರಾಣಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

‘ನಾನ್ ಹಸ್ಕೊಂಡಿದೀನಿ ಅಂದ್ಕೊಂಡ್ರಾ? ಸುರೇಶ್ ದಿನಾ ಬರೋವಾಗ ಎಗ್ ರೈಸೋ ಬಿರಿಯಾನಿನೋ ತರ್ತಾರಕ್ಕ, ಮೇಲ್ಗಡೆ ರೂಮಲ್ಲಿ ತಿಂತೀನಿ. ಅಜ್ಜಿ ಮುಂದೆ ಅರ್ಧ ಮುದ್ದೆ ತಿಂದು ಎದ್ದುಬಿಟ್ರೆ ಆಯ್ತಪ್ಪ, ಅವ್ರಿಗೂ ಖುಷಿ.’

ಅವಳು ಬಳೆ ಸದ್ದು ಮಾಡುತ್ತ ಒಳಗೆ ಹೋದಳು. ತೇಜಸ್ವಿನಿಗೆ ಮುಖ ಬಿಸಿಯಾಯಿತು. ತಾನು ಕಾಪಾಡಲು ಹೊರಟವಳು ಬಿರಿಯಾನಿ ತಿಂದುಕೊಂಡು ಸುಖವಾಗಿದ್ದಳು. ಹಾಗಾದರೆ ಈ ಮನೆಯ ಕಾನೂನನ್ನು ನಿಜವಾಗಿ ಪಾಲಿಸುತ್ತಿರುವುದು ಕೆಂದಿಯೊಂದೇ, ಅದೂ ಎಗ್ ರೈಸ್ ತಂದುಕೊಡುವವರು ಇಲ್ಲವೆಂದು.

ಊಟಕ್ಕೆ ಕರೆದರು. ನೈಟಿ ಬಿಚ್ಚಿ, ಕೈಗೆ ಎರಡು ಸಲ ಸೋಪು ಹಾಕಿ ಅವಳು ಕೊನೆಯ ಎಲೆಗೆ ಕೂತಳು. ಪಕ್ಕದ ಹೆಂಗಸು ಮೂಗು ಸಣ್ಣಗೆ ಮಾಡಿ ತನ್ನ ಎಲೆಯನ್ನು ಒಂದು ಗೇಣು ಆಚೆ ಸರಿಸಿಕೊಂಡಳು. ಅಜ್ಜಿ ಗೋಡೆಗೆ ಒರಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ, ರಾಣಿ ಅವಳ ಪಕ್ಕದಲ್ಲಿ. ಅಮ್ಮ ಪಾಯಸ ಬಡಿಸಿಕೊಂಡು ಬರುತ್ತಿದ್ದಳು. ಆಗಲೇ ಚಿಕ್ಕಪ್ಪ ಮುನಿಆಂಜಿನಪ್ಪ ಬಾಗಿಲಲ್ಲಿ ನಿಂತು, ಪಂಕ್ತಿಯೆಲ್ಲ ಕೇಳುವ ಹಾಗೆ ದನಿ ಎತ್ತಿದ. ದನದ ವ್ಯಾಪಾರದ ಆವಲಪ್ಪ ಗಾಡಿ ತಗೊಂಡು ಹೊರಟಿದ್ದಾನೆ, ರಾಜಾನುಕುಂಟೆಯಿಂದ ಬರುವುದಕ್ಕೆ ಎಷ್ಟು ಹೊತ್ತು, ಇವತ್ತು ಒಂದು ತೀರ್ಮಾನ ಆಗಿಬಿಡಬೇಕು. ಆವಲಪ್ಪ ಕೊಂಡುಹೋದ ದನಗಳು ಆಮೇಲೆ ಎಲ್ಲಿ ಹೋಗುತ್ತವೆಂದು ಕೇಳುವ ಪದ್ಧತಿ ಯಾರಲ್ಲೂ ಇರಲಿಲ್ಲ.

‘ಏನ್ ಡಾಕ್ಟ್ರಮ್ಮ, ಕೊನೇ ಮಾತು ಹೇಳ್ಬಿಡು. ಗಬ್ಬ ನಿಲ್ಲುತ್ತಾ, ಇಲ್ಲಾ ಗೊಡ್ಡೇನಾ?’

ಆ ಶಬ್ದಕ್ಕೆ ಪಂಕ್ತಿಯಲ್ಲಿ ಎರಡು ಮೂರು ಕೈಗಳು ಎಲೆಯ ಮೇಲೆ ನಿಂತವು. ಯಾರೂ ಅವಳ ಕಡೆ ನೋಡಲಿಲ್ಲ. ನೋಡದೇ ಇರುವುದಕ್ಕೆ ಎಲ್ಲರೂ ಎಷ್ಟು ಕಷ್ಟಪಡುತ್ತಿದ್ದರೆಂದು ಅವಳಿಗೆ ಕಾಣುತ್ತಿತ್ತು. ಇನ್ನೊಂದು ಸಲ ನೋಡೋಣ ಎಂದಿದ್ದರೆ ಚುಕ್ಕಿ ಇನ್ನೊಂದು ತಿಂಗಳು ಉಳಿಯುತ್ತಿತ್ತು. ಆದರೆ ಆ ಮೂಗು ಸಣ್ಣಗೆ ಮಾಡಿದ ಹೆಂಗಸು, ಆ ತಟ್ಟೆಗಳ ಸಾಲು, ಬಾಯಿ ಬಿಗಿದ ಹಿಂಡಿ ಮೂಟೆ, ಬಿರಿಯಾನಿ ತಿನ್ನುವ ರಾಣಿಯ ನಗು, ಎಲ್ಲ ಸೇರಿ ಅವಳನ್ನು ಕೆರಳಿಸಿದವು. ಇಪ್ಪತ್ತು ಜನರಿಗೂ ಒಂದೇ ಏಟಿಗೆ ಬಾರಿಸಬೇಕೆನ್ನಿಸಿತು.

‘ನಿಲ್ಲಲ್ಲ ಚಿಕ್ಕಪ್ಪ. ಆದ್ರೆ ತಪ್ಪು ಚುಕ್ಕೀದಲ್ಲ, ನಿಮ್ದು. ಅದು ಹೊಟ್ಟೇಲಿದ್ದಾಗ ಕೆಂದಿಗೆ ಅರ್ಧ ಹೊಟ್ಟೆ ಹಾಕಿದ್ರಿ. ಹೆಣ್ಣುಗರೂಗೆ ಜನ್ಮಕ್ಕಾಗೋಷ್ಟು ಮೊಟ್ಟೆ ಎಲ್ಲಾ ತಾಯಿ ಹೊಟ್ಟೇಲೇ ಆಗ್ಬಿಡುತ್ತೆ, ಹುಟ್ಟಿದ್ಮೇಲೆ ಒಂದೂ ಹೊಸದಾಗಿ ಬರಲ್ಲ. ತಾಯಿಗೇ ಹಾಕ್ದೆ ಇದ್ರೆ ಮಗಳಿಗೆ ಎಲ್ಲಿಂದ ಬರುತ್ತೆ? ಹಾಕೋದು ಅರ್ಧ, ಕೇಳೋದು ಮಾತ್ರ ಪೂರ್ತಿ.’

ಸ್ಪೀಕರನ್ನು ಯಾರೋ ಆರಿಸಿದರು. ಚಿಕ್ಕಪ್ಪ ಏನೋ ಹೇಳಲು ಬಾಯಿ ತೆರೆದು ತನ್ನ ತಾಯಿಯ ಕಡೆ ನೋಡಿದ. ಅಜ್ಜಿ ಅಲ್ಲಾಡಲಿಲ್ಲ. ಬೊಚ್ಚು ಬಾಯಲ್ಲಿ ಹೋಳಿಗೆಯ ತುಂಡನ್ನು ಆ ದವಡೆಯಿಂದ ಈ ದವಡೆಗೆ ಹೊರಳಿಸಿ, ನುಂಗಿ, ಮೊಮ್ಮಗಳನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಮುದುಕಿಗೆ ಕಿವಿ ಮಂದ ಅನ್ನುತ್ತಾರೆ, ಬೇಕಾದದ್ದೆಲ್ಲ ಕೇಳಿಸುತ್ತದೆ.

‘ಅಂಗಾರೆ ನಿಂಗೂ ಅದೇಯಾ?’ ಎಂದಳು.

ತೇಜಸ್ವಿನಿ ಕಲಸುತ್ತಿದ್ದ ಅನ್ನವನ್ನು ಎಲೆಯ ಅಂಚಿಗೆ ಸರಿಸಿದಳು. ಇಷ್ಟು ವರ್ಷ ಕ್ಲಿನಿಕ್ಕಿನ ಫೈಲನ್ನು ಬೀರುವಿನಲ್ಲಿ ಬಚ್ಚಿಟ್ಟದ್ದು ಈ ಒಂದು ಮಾತಿಗೆ ಸಿಗಬಾರದೆಂದು. ಅವಳೇ ತಂದು ಎಲೆಯ ಮೇಲೆ ಬಡಿಸಿಬಿಟ್ಟಿದ್ದಳು. ಅಜ್ಜಿ ಉತ್ತರಕ್ಕೆ ಕಾಯಲೂ ಇಲ್ಲ. ಪಾಯಸದ ಪಾತ್ರೆ ಹಿಡಿದು ನಿಂತಿದ್ದ ಸೊಸೆಯ ಕಡೆ ತಿರುಗಿದಳು.

‘ಕೇಳ್ದೇನೇ ಪಿಳ್ಳಮ್ಮ, ನಿನ್ ಒಟ್ಟೇದೇ ದೋಸವಂತೆ. ನಿನ್ ಮಗ್ಳೇ ಏಳ್ತಾವ್ಳೆ. ನಾನು ಇಷ್ಟ್ ದಿನ ಸುಮ್ಕೆ ಅಳೀಮಯ್ಯನ್ನ ಬೈಕಂಡೆ.’

ಯಾರೋ ಕಿಸಕ್ಕೆಂದು ನಕ್ಕು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಹಸಿವಿನಲ್ಲಿಟ್ಟವಳ ಮೇಲೆ ಎತ್ತಿದ ಕೈ ಹಸಿದವಳ ಕೆನ್ನೆಗೆ ಬಿದ್ದಿತ್ತು. ಅಮ್ಮನ ಕೈಯಲ್ಲಿದ್ದ ಸೌಟು ಒಂದು ಗಳಿಗೆ ನಿಂತು, ಮುಂದಿನ ಎಲೆಗೆ ಪಾಯಸ ಹಾಕಿ, ಅದರ ಮುಂದಿನ ಎಲೆಗೆ ಹೋಯಿತು. ಮಗಳ ಎಲೆ ಬಂದಾಗ ಎರಡು ಸೌಟು ಹಾಕಿತು. ತೇಜಸ್ವಿನಿ ಆ ಪಾಯಸವನ್ನು ನೋಡುತ್ತ ಕೂತಳು. ಓದಿದ್ದೆಲ್ಲ, ಬರೆದದ್ದೆಲ್ಲ, ಈ ಹಲ್ಲಿಲ್ಲದ ಮುದುಕಿಯ ಕೈಗೆ ಅಮ್ಮನನ್ನು ಹೊಡೆಯಲು ಒಂದು ಹೊಸ ಕೋಲು ತಂದುಕೊಟ್ಟ ಹಾಗಾಯಿತು. ತನ್ನ ಮೇಲೆಯೇ ಹೇಸಿಗೆಯಾಯಿತು.

ಹೊರಗೆ ಟಾಟಾ ಏಸ್ ಹಿಂದೆ ಬರುವ ಪೀಂ ಪೀಂ ಸದ್ದು ಕೇಳಿತು. ಆವಲಪ್ಪ ಹಿತ್ತಿಲ ಗೇಟಿನಿಂದಲೇ ಗಾಡಿ ತಂದಿದ್ದ. ಚಿಕ್ಕಪ್ಪ ಚುರುಕಾದ, ಡಾಕ್ಟ್ರಮ್ಮನೇ ಗೊಡ್ಡು ಎಂದ ಮೇಲೆ ಇನ್ನೇನು ಮಾತು. ಕೈ ತೊಳೆಯುವ ನೆಪದಲ್ಲಿ ಹೆಂಗಸರೆಲ್ಲ ಹಿತ್ತಿಲಿಗೆ ಬಂದು ನಿಂತರು. ಚಿಕ್ಕಪ್ಪ ಚುಕ್ಕಿಯ ಹಗ್ಗ ಬಿಚ್ಚಿ ಗಾಡಿಯ ಹತ್ತಿರ ಎಳೆದ. ಅಷ್ಟರಲ್ಲಿ ಅಮ್ಮ ಪಾಯಸದ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು, ಕೈ ಸೆರಗಿಗೆ ಒರೆಸಿಕೊಂಡು, ಗಾಡಿಗೂ ಕಡಸಿಗೂ ನಡುವೆ ಬಂದು ನಿಂತಳು.

‘ಇವತ್ತಾಗಲ್ಲ ಆವಲಪ್ಪ. ಮಡಿಲು ತುಂಬಿದ್ ದಿನ ಮನೆಯಿಂದ ಹೆಣ್ಣುದನ ಆಚೆ ಕಳಿಸ್ಬಾರ್ದು. ಕಳಿಸಿದ್ರೆ ಹೊಟ್ಟೇಲಿರೋದಕ್ಕೆ ತಟ್ಟುತ್ತೆ.’

ಅಂಥ ಶಾಸ್ತ್ರವೇ ಇಲ್ಲ. ತೇಜಸ್ವಿನಿ ಹುಟ್ಟಿ ಬೆಳೆದ ಮನೆ ಇದು, ಅವಳಿಗೆ ಗೊತ್ತು. ಅಮ್ಮ ಅದನ್ನು ಆ ನಿಂತ ನಿಲುವಿನಲ್ಲೇ ಹುಟ್ಟಿಸಿದ್ದಳು, ಕಣ್ಣು ಮಿಟುಕಿಸದೆ. ರಾಣಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಆವಲಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಎಲ್ಲರೂ ಅಜ್ಜಿಯ ಕಡೆ ತಿರುಗಿದರು, ಶಾಸ್ತ್ರದ ಕೀಲಿಕೈ ಅವಳ ಸೊಂಟದಲ್ಲಲ್ಲವೇ ಇರುವುದು. ಮುದುಕಿ ಬಾಗಿಲ ಚೌಕಟ್ಟು ಹಿಡಿದು, ಸೊಸೆಯನ್ನು ಬಹಳ ಹೊತ್ತು ನೋಡಿದಳು. ತನಗೆ ಗೊತ್ತಿಲ್ಲದ ಶಾಸ್ತ್ರವೊಂದು ಇದೆಯೆಂದು ಇಷ್ಟು ಜನರ ಮುಂದೆ ಒಪ್ಪಿಕೊಳ್ಳುವ ಹೆಂಗಸಲ್ಲ ಅವಳು.

‘ಊಂ, ಔದು,’ ಎಂದಳು ಕೊನೆಗೆ. ‘ನಮ್ಮವ್ವನೂ ಅಂಗೇ ಅಂತಿದ್ಲು. ಇವತ್ತೊಂದೇ ಅಲ್ಲ, ಬಾಣಂತನ ಮುಗ್ಯೋಗಂಟ ಕಳಿಸ್ಬಾರ್ದು.’

ಆವಲಪ್ಪ ಬೈದುಕೊಳ್ಳುತ್ತ ಗಾಡಿ ತಿರುಗಿಸಿದ. ಚಿಕ್ಕಪ್ಪ ಹಗ್ಗವನ್ನು ಅತ್ತಿಗೆಯ ಕೈಗೆ ಎಸೆದು ಬಾಯಾರಿದವನ ಹಾಗೆ ಒಳಗೆ ಹೋದ. ಹೆಂಗಸರು ತಾಂಬೂಲಕ್ಕೆ ಹೊರಟರು. ತೇಜಸ್ವಿನಿ ಅಮ್ಮನ ಹಿಂದೆ ಕೊಟ್ಟಿಗೆಗೆ ಹೋದಳು. ಅಮ್ಮ ಚುಕ್ಕಿಯನ್ನು ಗೂಟಕ್ಕೆ ಕಟ್ಟಿದಳು. ಮೂಲೆಯ ಮೂಟೆಯ ಬಾಯಿ ಬಿಚ್ಚಿ, ಹಿಂಡಿಯ ದೊಡ್ಡ ಚಪ್ಪಡಿಯೊಂದನ್ನು ತೆಗೆದು, ಕಲ್ಲಿನ ಮೇಲಿಟ್ಟು ಗುಂಡುಕಲ್ಲಿನಿಂದ ಒಡೆದಳು. ಬೊಗಸೆ ತುಂಬಿ ಕೆಂದಿಯ ಬಾನಿಗೆ ಸುರಿದಳು. ಮತ್ತೆ ಒಂದು ಬೊಗಸೆ. ಮೂರನೆಯದನ್ನು ಸುರಿಯುವ ಮುನ್ನ ಅದರಿಂದ ಒಂದು ಚೂರು ಎತ್ತಿ, ಯೋಚನೆಯೇ ಇಲ್ಲದವಳ ಹಾಗೆ, ತನ್ನ ಬಾಯಿಗೆ ಹಾಕಿಕೊಂಡಳು.

‘ಅಮ್ಮಾ, ಏನದು?’

‘ನೀನ್ ಹೊಟ್ಟೇಲಿದ್ದಾಗ ಇದನ್ನೇ ತಿಂತಿದ್ದೆ,’ ಎಂದಳು ಅಮ್ಮ, ಬಾನಿಯಲ್ಲಿ ಕೈಯಾಡಿಸುತ್ತ. ‘ಬೆಳಿಗ್ಗೆ ನೆನೆಹಾಕೋವಾಗ ಒಂದ್ ಹಿಡಿ, ಸಾಯಂಕಾಲ ಒಂದ್ ಹಿಡಿ. ಅತ್ತೆಗೆ ಗೊತ್ತಾಗ್ಲಿಲ್ಲ. ಆವಾಗಿದ್ದ ಹಸೂನೂ ಗಬ್ಬ ಇತ್ತು, ಅದರ ಅರ್ಧದಲ್ಲೇ ನಾನು ಕದಿಯೋದು. ಅದು ನಾನ್ ತಿನ್ನೋದನ್ನೇ ನೋಡ್ತಾ ನಿಂತ್ಕೊಳ್ಳೋದು.’

ಕೆಂದಿ ಬಾನಿಗೆ ಮೂತಿ ಇಟ್ಟು ಸದ್ದು ಮಾಡಿ ತಿನ್ನತೊಡಗಿತು. ತೇಜಸ್ವಿನಿಗೆ ಆ ಫೋಟೋದ ಹುಡುಗಿ ಈ ಗೋಡೆಗೆ ಒರಗಿ, ಬಾಗಿಲ ಕಡೆ ಒಂದು ಕಣ್ಣಿಟ್ಟು, ದನದ ಬಾನಿಗೆ ಕೈ ಹಾಕುವುದು ಕಂಡಿತು. ಕೇಳಲು ಬಾಯಿ ಬರದವಳು ಎಂದುಕೊಂಡಿದ್ದೆನಲ್ಲ, ಅನ್ನಿಸಿತು. ಅಮ್ಮ ತಿರುಗಿದಳು. ಅವಳ ಮುಖದಲ್ಲಿ ಆ ಮೈ ಉರಿಸುವ ನಗು ಇರಲಿಲ್ಲ.

‘ಸಾಕಾಗ್ಲಿಲ್ಲ ಅಲ್ವಾ ತೇಜು?’

ಇದಕ್ಕೆ ಸರಿಯಾದ ಉತ್ತರ ‘ಗೊತ್ತಿಲ್ಲ’ ಎಂಬುದು. ಗೊತ್ತಿಲ್ಲ ಅನ್ನುವುದು ತೇಜಸ್ವಿನಿಗೆ ಆ ಕ್ಲಿನಿಕ್ಕಿನ ಡಾಕ್ಟರು ಹುಡುಗಿಯ ಮಾತಿನ ಹಾಗೆ ಕೇಳಿಸಿತು.

‘ಸಾಕಾಗಿತ್ತಮ್ಮ,’ ಎಂದಳು. ‘ನಂದು ಬೇರೆ ಏನೋ. ಸಾಕಾಗಿತ್ತು.’

ಅಮ್ಮ ನಂಬಿದಳೋ ಇಲ್ಲವೋ, ಮೂಟೆಯ ಬಾಯಿ ಕಟ್ಟಲು ಬಗ್ಗಿದಳು. ತೇಜಸ್ವಿನಿ ಅದನ್ನು ತಡೆದು, ಕಟ್ಟಬೇಡ, ತೆರೆದೇ ಇರಲಿ ಎಂದಳು. ಕಲ್ಲಿನ ಮೇಲೆ ಉಳಿದಿದ್ದ ಹಿಂಡಿಯ ಚೂರೊಂದನ್ನು ತೆಗೆದು ತಾನೂ ಬಾಯಿಗೆ ಹಾಕಿಕೊಂಡಳು. ಅದು ಹಲ್ಲಿಗೆ ಬಗ್ಗದಷ್ಟು ಗಟ್ಟಿಯಾಗಿತ್ತು, ಗಾಣದ ಎಣ್ಣೆಯ ವಾಸನೆ ಮೂಗಿಗೆ ಏರಿತು, ಕಣ್ಣಲ್ಲಿ ನೀರು ಬಂತು.

‘ಮೆಲ್ಲಗೆ ಅಗಿ,’ ಎಂದಳು ಅಮ್ಮ. ‘ಅದ್ರಲ್ಲಿ ಕಲ್ಲಿರುತ್ತೆ.’